ಕೈ ನೋಡಿ ಹೇಳಿದ ಮಾತು

ಇಮಾಮಬೀ ಅವ್ವನಿಗೆ, ಭಾತಂಬ್ರಾದಿಂದ ಶಿವಕಾಂತಾ ಮಾಡುವ ಶರಣು.

ನೀವು ಬೀದರಿನಲ್ಲಿ ತಂಗಿಯ ಮನೆಯಲ್ಲಿದ್ದೀರಿ ಎಂದು ತಿಳಿಯಿತು. ಈ ಪತ್ರವನ್ನು ಯಾರಿಂದಲಾದರೂ ಓದಿಸಿಕೊಳ್ಳಿ. ಓದುವವರ ಮುಂದೆ ನನ್ನ ಮಾನ ಹೋದರೆ ಹೋಗಲಿ. ಇಲ್ಲಿ ಉಳಿದಿರುವುದಾದರೂ ಎಷ್ಟು!

ಬರೆಯಲು ಹೇಳಿದವರು ಮಾವ ಮನ್ಮಥಪ್ಪನವರೇ. ಅವರಿಗೆ ಬರುವುದು ಉರ್ದು, ನನ್ನ ಕನ್ನಡ ಓದಲು ಬಾರದು. ಅದೇ ಧೈರ್ಯದ ಮೇಲೆ ಎಲ್ಲವನ್ನೂ ಬರೆಯುತ್ತಿದ್ದೇನೆ. ನನ್ನ ನಾದಿನಿ ಕಾಂತಾಬಾಯಿಗೆ ಔರಾದಿನಿಂದ ಒಳ್ಳೆಯ ಸಂಬಂಧ ಬಂದಿದೆ. ಹುಡುಗನ ತಾಯಿ ಮನೆ ನೋಡಿದರು, ಹೊಲ ಎಷ್ಟೆಂದು ಕೇಳಿದರು, ಹುಡುಗಿಯನ್ನು ನಡೆಸಿ ನೋಡಿದರು. ಕೊನೆಗೆ, "ಎಲ್ಲಾ ಛಲೋ ಅದರಿ. ಇಮಾಮಬೀ ಏನಂತಾಳ?" ಎಂದರು. ಮಾವ ಮಾತು ಬದಲಿಸಿದರು. ನಾನು ಒಲೆಯ ಮುಂದೆ ತಲೆ ತಗ್ಗಿಸಿ ಕೂತೆ.

ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಭಾಲ್ಕಿಯಿಂದ ಔರಾದಿನವರೆಗೆ ಬಳೆಯ ಮಲಾರ ಹೊತ್ತು ತಿರುಗಿದವರು ನೀವು. ಬಳೆ ಇಡುವಾಗ ಕೈ ಹಿಡಿದೇ ಹೆಣ್ಣನ್ನು ಅರಿಯುತ್ತಿದ್ದಿರಿ. ದುಡಿದ ಕೈ ಯಾವುದು, ಸಿಡುಕುವ ಕೈ ಯಾವುದು ಎಂದು. ಹಲಬರ್ಗಾದ ನನ್ನನ್ನು ಈ ಮನೆಗೆ ತಂದದ್ದು, "ಕೈ ನೋಡೀನ್ರಿ, ಹುಡುಗಿ ಛಲೋ ಅದಾಳ" ಎಂಬ ನಿಮ್ಮ ಒಂದೇ ಮಾತು. ನನಗೂ ಏನನ್ನೂ ಮುಚ್ಚಿಡಲಿಲ್ಲ. "ಮಾವಂದು ಬಾಯಿ ಜೋರು, ಕೈ ಬಿಗಿ. ಆದ್ರ ಯಾರಿಗೂ ಉಪವಾಸ ಕೆಡವಲ್ಲ" ಎಂದಿದ್ದಿರಿ. ಹಾಗೆಯೇ ಇದ್ದಾರೆ. ಸಾಯಗಾಂವದ ಒಂದು ಮನೆಯ ಬಗ್ಗೆ ಹೆಣ್ಣು ಕೊಡುವವರು ಕೇಳಿದಾಗ ಮಾತ್ರ, "ಆ ಮನ್ಯಾಗ ನಾ ಬಳಿ ಇಡಂಗಿಲ್ಲ" ಎಂದು ಎದ್ದುಬಿಟ್ಟಿರಿ. ಒಂದು ಹೆಣ್ಣು ಬಚಾವಾದಳು. ನನ್ನ ಹೆರಿಗೆಗೆ ಸೂಲಗಿತ್ತಿ ಕೇಶರಬಾಯಿಯನ್ನು ತೋರಿಸಿಕೊಟ್ಟವರೂ ನೀವೇ. ಇದಕ್ಕೆಲ್ಲ ಯಾರಿಂದಲೂ ಏನನ್ನೂ ಕೇಳಿದವರಲ್ಲ.

ಅಂಥ ನೀವು ದೀಪಾವಳಿಯ ಮುಂದೆ ನಮ್ಮ ಅಂಗಳಕ್ಕೆ ಬಂದಿರಿ. ಪೊಲೀಸ್ ಆ್ಯಕ್ಷನ್ ಆಗಿ ತಿಂಗಳು ಕಳೆದಿತ್ತು. ರಜಾಕಾರರ ಜೊತೆಗಿದ್ದರೆಂದು ಯಾರೋ ಬೆರಳು ತೋರಿಸಿದ್ದಕ್ಕೆ, ನಿಮ್ಮ ಯಜಮಾನರಾದ ಖಾಜಾ ಮಿಯಾರನ್ನು ಪೊಲೀಸರು ಬೀದರಿನ ಜೇಲಿಗೆ ಹಿಡಿದೊಯ್ದಿದ್ದರು. ಬಳೆ ಬಿಟ್ಟು ಬೇರೇನನ್ನೂ ಅರಿಯದ ಮನುಷ್ಯ! "ಊರ ಹಿರಿಯರೊಬ್ಬರು ಬಂದು ಒಂದ್ ಮಾತ ಹೇಳಿದ್ರ ಬಿಡ್ತಾರಂತ್ರಿ" ಎಂದಿರಿ.

"ಕಾಲ ನೆಟ್ಟಗಿಲ್ಲ ಇಮಾಮಬೀ. ನಮಗ್ಯಾಕ ಈ ಉಸಾಬರಿ?" ಎಂದರು ಮಾವ. ಮನೆಗೆ ಸೊಸೆಯನ್ನು ತಂದುಕೊಟ್ಟವರಿಗೆ ಸಿಕ್ಕ ಉತ್ತರ ಅದು.

ನಾನು ಬಾಗಿಲ ಹಿಂದಿದ್ದೆ. ಹೊರಟ ನೀವು ನನ್ನ ಎಡಗೈ ಕಂಡಿರಿ. ಕೊಡ ಎತ್ತುವಾಗ ಬಳೆ ಒಡೆದು ಒಂದೇ ಉಳಿದಿತ್ತು. "ಕೈ ಕೊಡವ್ವಾ. ಮುತ್ತೈದಿ ಕೈ ಹಿಂಗ ಇರಬಾರ್ದು" ಎಂದು ಅಲ್ಲೇ ಕೂತು ಬಳೆ ಇಟ್ಟಿರಿ. ನಿಮ್ಮ ಗಂಡ ಜೇಲಿನಲ್ಲಿ, ನೀವು ನನ್ನ ಮುತ್ತೈದೆತನ ನೋಡುತ್ತಿದ್ದಿರಿ. ಬಳೆ ಇಟ್ಟವರ ಕಾಲಿಗೆ ಬೀಳುವುದು ನಮ್ಮ ಪದ್ಧತಿ. ಬೀಳಲು ನನಗೆ ಮುಖವಿರಲಿಲ್ಲ. ಬಳೆಗೆ ಬದಲು ಜೋಳ ತರುವ ನೆಪ ಮಾಡಿ ಒಳಗೆ ಓಡಿದೆ. ಬರುವಷ್ಟರಲ್ಲಿ ನೀವು ಹೊರಟುಹೋಗಿದ್ದಿರಿ.

ಶಿವರಾತ್ರಿ ಕಳೆಯಿತು, ಖಾಜಾ ಮಿಯಾ ಇನ್ನೂ ಜೇಲಿನಲ್ಲೇ ಇದ್ದಾರೆ. ಈಗ ಮಾವ, "ಇಮಾಮಬೀಗಿ ಬರಿ. ಔರಾದಕ್ಕ ಹೋಗಿ ನಮ್ಮ ಕಾಂತಾಂದು ಒಂದ್ ಮಾತ ಹೇಳಿ ಬರಲಿ" ಎನ್ನುತ್ತಾರೆ. ಕೇಳಿ ಮೈಯೆಲ್ಲ ಉರಿಯಿತು, ಅವ್ವಾ. ಅದಕ್ಕೇ ಒಂದು ಸುಳ್ಳು ಹೇಳಿದೆ. "ಗಂಡ ಮನಿಗಿ ಬರೋತನಕ ಯಾರ ಶುಭಕಾರ್ಯಕ್ಕೂ ಬಾಯಿ ತೆರಿಯಲ್ಲಂತ ಆಣಿ ಮಾಡ್ಯಾರಂತ್ರಿ" ಎಂದುಬಿಟ್ಟೆ. ನೀವು ಆಡದ ಮಾತನ್ನು ನಿಮ್ಮ ಬಾಯಿಗೆ ಇಟ್ಟಿದ್ದೇನೆ. ಮಾವ ಊಟ ಬಿಟ್ಟು ಪಡಸಾಲೆಯಲ್ಲಿ ಅಡ್ಡಾಡಿದರು. ಆಮೇಲೆ ಒಗೆದಿಟ್ಟ ರುಮಾಲು ಕೇಳಿದರು.

ಸೋಮವಾರ ಮಾವ ಬೀದರಿಗೆ ಬರುತ್ತಾರೆ. ಖಾಜಾ ಮಿಯಾ ಯಾರ ತಂಟೆಗೂ ಹೋದವರಲ್ಲ ಎಂದು ಅಧಿಕಾರಿಯ ಮುಂದೆ ನಿಂತು ಹೇಳುತ್ತಾರೆ. ನಿಮ್ಮ ಉಪಕಾರ ನೆನೆದು ಬರುತ್ತಿಲ್ಲ, ಮಗಳ ಗರಜಿಗೆ ಬರುತ್ತಿದ್ದಾರೆ. ಈ ನಾಚಿಕೆ ನನ್ನನ್ನು ಬಿಡುವುದಿಲ್ಲ. ಹೇಗಾದರೂ ಆ ಜೇಲಿನ ಬಾಗಿಲು ತೆರೆಯಲಿ. ನೀವು ಔರಾದಿಗೆ ಹೋಗಿ ಎಂದು ನಾನು ಕೇಳುವುದಿಲ್ಲ. ಕಾಂತಾಳ ಕೈ ನಿಮಗೆ ಗೊತ್ತು, ಮನಸ್ಸು ಬಂದರೆ ಹೇಳಿ, ಇಲ್ಲವಾದರೆ ಬೇಡ. ನನ್ನ ಸುಳ್ಳನ್ನು ಮಾತ್ರ ಮಾವನ ಮುಂದೆ ಬಿಟ್ಟುಕೊಡಬೇಡಿ.

ಅಂದು ನಿಮ್ಮ ಕಾಲಿಗೆ ಬೀಳಲಿಲ್ಲ. ಇಂದು ಈ ಕಾಗದಕ್ಕೆ ಹಣೆ ಹಚ್ಚಿ ಬೀಳುತ್ತಿದ್ದೇನೆ. ನಿಮ್ಮ ಕೈಯಲ್ಲೂ ಬಳೆ ತುಂಬಿರಲಿ.

ನೀವು ಬಳೆ ಇಟ್ಟ ಕೈಯಿಂದಲೇ ಬರೆದ,
ಶಿವಕಾಂತಾ