ಬೊಂಬೆಯ ಸೊಂಟದ ಬೆಲ್ಟು

ಅಪ್ಪಾ,

ರಜೆಗೆ ಅಜ್ಜಿಯ ಮನೆಗೆ ಬಂದಿದ್ದೇನೆ. ಫೋನಿನಲ್ಲಿ ಹೇಳಲು ಹೊರಟರೆ ನನಗೆ ಅಳು ಬರುತ್ತದೆ, ಅದಕ್ಕೇ ಈ ಪತ್ರ.

ನಡೆಯುವಾಗ ಮೈ ವಾಲಿದರೆ ಅದುರಿ ಎಚ್ಚರಿಸಲಿ ಎಂದು ಅಜ್ಜಿಗೆ ನೀವು ಕೊಡಿಸಿದ ಬೆಲ್ಟು ಎಲ್ಲಿತ್ತು ಗೊತ್ತೇ? ಅವಳ ಹೊಲಿಗೆ ಕೋಣೆಯಲ್ಲಿ ಬಟ್ಟೆ ತೊಡಿಸಿ ನೋಡುವ ಬೊಂಬೆಯ ಸೊಂಟದಲ್ಲಿ! "ಅಮ್ಮ ಈಗ ಒಂದ್ಸಲಾನೂ ವಾಲಲ್ಲ" ಎಂದು ಫೋನಿನಲ್ಲಿ ಬೆಲ್ಟಿನ ಆ್ಯಪ್ ನೋಡಿ ಎಲ್ಲರೆದುರು ಬೀಗಿದಿರಲ್ಲ, ವಾಲದೆ ನಿಂತಿದ್ದು ಆ ಬೊಂಬೆ.

ಅಜ್ಜಿಯನ್ನು ಕೇಳಿದೆ. "ಬಗ್ಗಿ ಸೂಜಿ ಎತ್ಕೊಂಡ್ರೂ ನಿಮ್ಮಪ್ಪನ ಫೋನು ಕಣೇ, ಸುಮ್ನೆ ಕೂತ್ಕೋಮ್ಮಾ ಅಂತ. ಸೊಂಟಕ್ಕೆ ಚಾಡಿಕೋರನ್ನ ಕಟ್ಕೊಂಡು ಓಡಾಡ್ಲಾ?" ಎಂದಳು.

ಬೆಲ್ಟಿಲ್ಲದೆ ಬಚ್ಚಲಲ್ಲಿ ಜಾರಿ ಮೊಣಕೈ ಊದಿಸಿಕೊಂಡಿದ್ದಾಳೆ. ನಿಮ್ಮ ಬೈಗುಳಕ್ಕೆ ಹೆದರಿ ಮುಚ್ಚಿಟ್ಟಿದ್ದಳು. ಇಟ್ಸ್ ನಾಟ್ ಫೇರ್, ಅಪ್ಪಾ. ಧೈರ್ಯವಾಗಿ ನಡೆಯಲೆಂದು ಮಾಡಿದ ವಸ್ತುವಿನಿಂದ ಅವಳನ್ನು ಕೂರಿಸಿಬಿಟ್ಟಿರಿ.

ಇನ್ನು ನಿಮಗೆ ಸುದ್ದಿ ಹೋಗದಂತೆ ಆ ಆ್ಯಪಿನಿಂದ ನಿಮ್ಮ ನಂಬರ್ ತೆಗೆದಿದ್ದೇನೆ. ಬೈಯುವುದಾದರೆ ನನಗೆ ಬೈಯಿರಿ. ಇವತ್ತು ಅಜ್ಜಿ ಬೆಲ್ಟು ಕಟ್ಟಿಕೊಂಡು ನನ್ನ ಜೊತೆ ಬೀದಿಯ ತುದಿಯವರೆಗೆ ಬಂದಳು. ತಿರುವಿನಲ್ಲಿ ಅದು ಅದುರಿತು. ನಾನು ಕೈಚಾಚುವ ಮೊದಲೇ ಅವಳೇ ಸಾವರಿಸಿಕೊಂಡು ನಿಂತಳು.

ಭಾನುವಾರ ದಯವಿಟ್ಟು ಬನ್ನಿ. ಫೋನನ್ನು ಬೊಂಬೆಯ ಹತ್ತಿರ ಬಿಟ್ಟು, ಅವಳ ಜೊತೆ ನಡೆಯಿರಿ.

ಸಿಟ್ಟಿನಲ್ಲಿರುವ,
ನಿಮ್ಮ ಮಗಳು