ಪೂರ್ವ ವಲಯದ ಕೆಮ್ಮು

ಗುರುವಾರ, ಅಕ್ಟೋಬರ್ 5

ಫೋನ್ ದಿನ. ವಾರದ ಧಾನ್ಯ ವರದಿಗೆ ಊರೂರಿನ ರೇಟು ಕೇಳಬೇಕು. ಉತ್ತರದ ಪಶು ಆಹಾರದ ಮಿಲ್ಲಿನವನು ಎಂದಿನಂತೆ ರಾಗ ಎಳೆದ. ಮೆಕ್ಕೆಜೋಳ ಇಳಿಕೆ, ಬಾರ್ಲಿ ಇದ್ದಲ್ಲೇ ಇದೆ. ಕೋಳಿ ಫಾರಂನವನು ಎತ್ತಲೇ ಇಲ್ಲ — ಹಾಳಾಗಿ ಹೋಗಲಿ. ಪೂರ್ವದ ಗೋದಾಮಿನವರನ್ನು ಕೊನೆಗೆ ಇಟ್ಟುಕೊಂಡಿದ್ದೆ. ಯಾವಾಗಲೂ ಕೊನೆಗೇ. ಅವರ ದನಿ ಕೇಳಿದ ಮೇಲೆ ಬೇರೆಯವರದು ಬೇಡವೆನಿಸುತ್ತದೆ.

"ಕೊಯ್ಲು ಅರ್ಧ ಆಗಿದೆ ಸಾರ್. ಕಾಳು ಇನ್ನೂ ಹಸಿ. ಈಗಷ್ಟೇ ಕಚ್ಚಿ ನೋಡ್ದೆ."

"ತೇವ ನೋಡೋಕೆ ಮೀಟರ್ ಕೊಟ್ಟಿದಾರಲ್ಲ ಮೇಡಂ?"

"ಮೀಟರಿಗೆ ಹಲ್ಲಿದ್ಯಾ?"

ನಕ್ಕರು. ನಗುತ್ತಲೇ ಕೆಮ್ಮಿದರು. ವಾರದಿಂದ ಬಿಟ್ಟಿಲ್ಲವಂತೆ, ಧೂಳು. ಅದನ್ನೂ ಬರೆದುಕೊಂಡೆ. ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು ಅಭ್ಯಾಸ. ಇಷ್ಟು ವರ್ಷದಲ್ಲಿ ಮುಖ ನೋಡಿಲ್ಲ. ಗಂಡ ತೀರಿಹೋಗಿದ್ದಾರೆ, ಒಂದು ಬೆಕ್ಕಿದೆ... ಗೊತ್ತಿರುವುದು ಅಷ್ಟೇ.

ಸಂಜೆ ಸಾಹೇಬರು ಕರೆದರು. ಮುಂದಿನ ತಿಂಗಳಿಂದ ರೇಟು ನೇರವಾಗಿ ಕಂಪ್ಯೂಟರಿಗೇ ಬರುತ್ತದಂತೆ. "ಇನ್ಮೇಲೆ ಊರೋರಿಗೆಲ್ಲ ಫೋನ್ ಮಾಡೋ ತಲೆನೋವಿಲ್ಲ ನಿಮಗೆ."

ತಲೆನೋವಂತೆ!

ಶುಕ್ರವಾರ, ಅಕ್ಟೋಬರ್ 6

ಮಾನ ಹರಾಜು. ವಾರದ ವರದಿಯಲ್ಲಿ, 'ಕೊಯ್ಲಿನ ಸ್ಥಿತಿ' ಎಂಬ ಕಡೆ, ಅಚ್ಚಾಗಿ ಊರೂರಿಗೆ ಹೋಗಿದೆ: 'ಪೂರ್ವ ವಲಯ: ಕೊಯ್ಲು ಅರ್ಧ ಮುಗಿದಿದೆ. ಕಾಳು ಹಸಿ. ಕೆಮ್ಮು ವಾರದಿಂದ ಬಿಟ್ಟಿಲ್ಲ. ಬಿಸಿನೀರು ಕುಡಿಯಬೇಕು.'

ಟೈಪ್ ಮಾಡುವಾಗ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಬಿಸಿನೀರಿನ ಮಾತು ಅವರು ಹೇಳಿದ್ದೂ ಅಲ್ಲ. ನನ್ನದೇ.

ಎಂದೂ ಫೋನ್ ಎತ್ತದ ಕೋಳಿ ಫಾರಂನವನು ತಾನಾಗಿಯೇ ಮಾಡಿದ. "ಸಾರ್, ಈ ಕೆಮ್ಮು ಕೋಳಿಗೂ ಹರಡುತ್ತಾ?"

ಮನೆಯಲ್ಲಿ ಅಕ್ಕ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಾರೋ ಇದು?"

"ಗೋದಾಮು."

"ಗೋದಾಮು ಕೆಮ್ಮುತ್ತೇನೋ?"

ಊಟ ಮಾಡದೆ ಮಲಗಿದೆ.

ಗುರುವಾರ, ಅಕ್ಟೋಬರ್ 12

ಪೂರ್ವದಲ್ಲಿ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಮತ್ತೆ. ಅವರಿಗೆ ಸಿಟ್ಟು ಬಂದಿದೆ, ಬರದೇ ಇರುತ್ತದೆಯೇ? ವರದಿಯಲ್ಲಿ 'ಮಾಹಿತಿ ಇಲ್ಲ' ಎಂದು ಟೈಪ್ ಮಾಡಿದೆ. ಉಳಿದಿರುವುದೇ ಎರಡು ಗುರುವಾರ. ಹೀಗೆ ಮುಗಿಯಬಾರದಿತ್ತು.

ಬುಧವಾರ, ಅಕ್ಟೋಬರ್ 18

ಬೆಳಿಗ್ಗೆ ಅಕ್ಕ: "ಗುರುವಾರದವರೆಗೂ ಯಾಕೋ ಕಾಯ್ತೀಯ? ರೇಟು ಕೇಳ್ಬೇಡ. ಹೇಗಿದೀರ ಅಂತ ಕೇಳು."

ಮಧ್ಯಾಹ್ನ ಮಾಡಿದೆ. ಎರಡು ಸಲ ತಪ್ಪು ನಂಬರ್ ಒತ್ತಿದೆ, ಈ ವಯಸ್ಸಿಗೆ! ಎತ್ತಿದರು.

"ಸಾರ್? ಇವತ್ತು ಬುಧವಾರ ಅಲ್ವಾ?"

"ಹೌದು. ರೇಟು ಬೇಡ. ಕೆಮ್ಮು ಹೇಗಿದೆ?"

ಮೆಲ್ಲಗೆ ಹೇಳಿದರು: "ಹೋದ ಗುರುವಾರ ಡಾಕ್ಟರ ಹತ್ರ ಹೋಗಿದ್ದೆ. ಈಗ ಪರವಾಗಿಲ್ಲ. ನಿಮ್ಮ ವರದಿ ಓದಿ ಲಾರಿ ಡ್ರೈವರುಗಳೆಲ್ಲ ಸಿರಪ್ ತಂದು ಕೊಡ್ತಿದಾರೆ. ಬೆಕ್ಕಿಗೆ ಮಲಗೋಕೆ ಜಾಗ ಇಲ್ಲ."

"ತಪ್ಪಾಯ್ತು ಮೇಡಂ."

"ಬಿಸಿನೀರು ಅಂತ ನಾನು ಹೇಳಿರ್ಲಿಲ್ಲ."

"ಇಲ್ಲ. ಅದು... ನಾನೇ."

"ಗೊತ್ತಾಯ್ತು. ನಮ್ಮೋರು ಹೋದ್ಮೇಲೆ ನನಗೆ ಹಾಗೆ ಹೇಳೋರೇ ಇರ್ಲಿಲ್ಲ." ಆಮೇಲೆ, "ದಿನಾ ಕುಡೀತಿದೀನಿ" ಎಂದರು.

ಕಣ್ಣು ತುಂಬಿತು. ಫೋನ್ ಮಾಡುವುದು ಈ ತಿಂಗಳಿಗೆ ಕೊನೆ ಎಂಬುದನ್ನೂ ಹೇಳಿಬಿಟ್ಟೆ.

"ಓಹೋ! ಹಾಗಾದ್ರೆ ಕೊನೇ ವಾರದ್ದು ಫೋನಲ್ಲಿ ಹೇಳಲ್ಲ. ನೀವೇ ಬಂದು ಕಾಳು ಕಚ್ಚಿ ನೋಡಿ."

ಗುರುವಾರ, ಅಕ್ಟೋಬರ್ 26. ಬೆಳಿಗ್ಗೆ

ಅಕ್ಕ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. "ಹಲ್ಲು ಸರಿಯಾಗಿ ಉಜ್ಜಿದ್ಯೇನೋ?" ಬಾಯಿ ಮುಚ್ಚು ಎಂದೆ. ಬೀದಿ ತಿರುವಿನವರೆಗೂ ಬಂದು ನಿಂತಿದ್ದಳು, ನನ್ನಕ್ಕ.

ಬಸ್ಸಿನ ಕಿಟಕಿಯಾಚೆ ಬರೀ ಬೋಳು ಹೊಲ. ಇಷ್ಟು ವರ್ಷ ಬರೆದಿದ್ದೇನೆ, ನೋಡಿದ್ದು ಇಂದೇ.

ಅದೇ ದಿನ. ಗೋದಾಮಿನ ಅಂಗಳ

ತೂಕದ ಕೋಣೆಯ ಹೊರಗಿನ ಬೆಂಚು. "ಕೂತಿರಿ, ಲಾರಿ ಕಳಿಸಿ ಬರ್ತಾರೆ" ಎಂದ ಕಾವಲುಗಾರ. ಕೈ ಸುಮ್ಮನಿರುತ್ತಿಲ್ಲ, ಬರೆಯುತ್ತಿದ್ದೇನೆ.

ಪೂರ್ವ ವಲಯ: ಕೊಯ್ಲು ಮುಗಿದಿದೆ. ಬಿಸಿಲು ಚೆನ್ನಾಗಿದೆ. ಬೆಕ್ಕು ಬಂದು ಕಾಲಿಗೆ ಮೈ ಉಜ್ಜುತ್ತಿದೆ. ಒಳಗೆ ಯಾರನ್ನೋ ಬೈದು ನಗುತ್ತಿದ್ದಾರೆ — ಅದೇ ನಗು. ಕೆಮ್ಮಿಲ್ಲ. ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಕಾಳು, ಇನ್ನೊಂದರಲ್ಲಿ ಹಬೆಯಾಡುವ ಲೋಟ. "ಸಾರ್, ಬಿಸಿನೀರು ಕುಡೀಬೇಕು."