ಬಾಗಿಲ ಮೇಲೆ ಕೆಂಪು ಬಾಣ

೪ನೇ ತಾರೀಖು, ರಾತ್ರಿ ೧೧
ಹೆಂಡತಿಗೆ ನೈಟ್ ಶಿಫ್ಟ್. ಮೂರನೇ ದಿನ. ಎರಡು ವರ್ಷದ ಮಗಳು ಬಾಗಿಲಿಗೆ ಹಣೆ ಹಚ್ಚಿ ಒಂದೇ ಸಮನೆ ಅರಚಿದಳು. ಮನೆಯಲ್ಲಿ ಅವಳನ್ನು ಕರೆಯುವುದು ಮೆಣಸು ಎಂದು. ತಪ್ಪೇನಿಲ್ಲ.
ಹಾಲು ಕೊಟ್ಟೆ — ಚೆಲ್ಲಿದಳು. ಹೆಗಲಿಗೆ ಹಾಕಿಕೊಂಡೆ — ಕಿವಿ ಕಚ್ಚಿದಳು. ಸೋತು ಫ್ಯಾಕ್ಟರಿ ಗೇಟಿಗೆ ಫೋನ್ ಮಾಡಿದೆ. ಹೆಂಡತಿ ಹೊಲಿಗೆ ಮೆಷಿನ್ ಬಿಟ್ಟು ಓಡಿ ಬಂದಳು. ಎರಡೇ ನಿಮಿಷ, ಮಗುವಿಗೆ ನಿದ್ದೆ. ನಾನು ಯಾತಕ್ಕೆ ಇದ್ದೇನೆ?

೫, ಬೆಳಿಗ್ಗೆ
ಸೂಪರ್‌ವೈಸರ್ ಅವಳಿಗೆ ಹೇಳಿದನಂತೆ: "ಇನ್ನೊಂದ್ಸಲ ಎದ್ದು ಓಡಿದ್ರೆ ವಾಪಸ್ ಬರ್ಬೇಡಮ್ಮ. ಮನೇಲೇ ಜೋಗುಳ ಹಾಡ್ಕೊಂಡಿರು."
"ನೀನೇನಂದೆ?"
"ಮಕ್ಕಳ ಕೋಣೆ ಬೀಗ ತೆಗೀರಿ ಸಾರ್, ಓಡೋದೇ ಇಲ್ಲ ಅಂದೆ."
ಅದೇ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹಗಲು ನಾನು ಷರ್ಟು ಚೆಕಿಂಗ್. ಕೆಲಸದ ಹೆಂಗಸರ ಮಕ್ಕಳನ್ನು ನೋಡಿಕೊಳ್ಳಲೆಂದು ಇಟ್ಟ ಆ ಕೋಣೆ ಗೊತ್ತು. ಕಾಗದದಲ್ಲಿ ತೊಟ್ಟಿಲುಗಳಿವೆ. ಒಳಗೆ ಸೂರಿನವರೆಗೆ ರಟ್ಟಿನ ಪೆಟ್ಟಿಗೆ. ಇನ್‌ಸ್ಪೆಕ್ಷನ್ ದಿನ ಮಾತ್ರ ಗೊಂಬೆಗಳು ಬರುತ್ತವೆ. ನಮ್ಮ ಮಕ್ಕಳಿಗಿಂತ ಅವರ ಪೆಟ್ಟಿಗೆಗೆ ನೆರಳು ಬೇಕು.

೭, ನಡುರಾತ್ರಿ
ಮತ್ತೆ ಅಳು. ಫೋನನ್ನು ಬೀರುವಿನ ಮೇಲೆ ಎಸೆದೆ, ನನ್ನ ಕೈಗೇ ಸಿಗದಂತೆ. ಜೇಬಿನಲ್ಲಿ ಕೆಲಸದ ಸ್ಟಿಕ್ಕರ್ ಹಾಳೆ ಉಳಿದಿತ್ತು. ಉಗುರಿನಷ್ಟು ಕೆಂಪು ಬಾಣಗಳು. ಷರ್ಟಿನಲ್ಲಿ ತಪ್ಪು ಸಿಕ್ಕಲ್ಲಿ ಅಂಟಿಸುವುದು.
"ಬನ್ನಿ ಮೇಡಂ, ಚೆಕಿಂಗ್. ಕಾಲರ್ ಎತ್ತಿ." ಗದ್ದದಡಿ ಬೆರಳಾಡಿಸಿದೆ. "ಕಾಲರ್ ಪಾಸ್. ತೋಳು ಪಾಸ್. ಗುಂಡಿ ಎಲ್ಲಿ? ಅಯ್ಯೋ, ಒಂದೇನಾ!" ಹೊಕ್ಕುಳು ಒತ್ತಿದೆ. ಬಿಕ್ಕು ಅರ್ಧಕ್ಕೇ ನಿಂತಿತು. "ಎಲಾ, ಇಲ್ಲಿ ಸೋರ್ತಾ ಇದೆಯಲ್ಲ!" ಮೂಗಿನ ತುದಿಗೆ ಒಂದು ಬಾಣ. ಮೆಳ್ಳಗಣ್ಣು ಮಾಡಿ ನೋಡಿಕೊಂಡಳು. ನಕ್ಕುಬಿಟ್ಟಳು, ಕಳ್ಳಿ.
"ಅಪ್ಪಂಗೆ," ಎಂದಳು. ಬೋಳುತಲೆಗೆ ಒಂದು, ಮೀಸೆಗೆ ಎರಡು. ಅಪ್ಪ ರಿಜೆಕ್ಟ್ ಪೀಸು.
ಮಲಗಿದ್ದಾಳೆ. ಫೋನ್ ಮಾಡಲಿಲ್ಲ.

೯
ಅದೇ ಆಟ. ನಿದ್ದೆಗೆ ಅರ್ಧ ಗಂಟೆ ಸಾಕಾಯಿತು.

೧೨, ರಾತ್ರಿ
ಆಟದ ನಡುವೆ ಮೆಣಸು ಎದ್ದು ಹೋದಳು. ಮೂಗಿನ ಬಾಣ ಕಿತ್ತು ಬಾಗಿಲಿಗೆ ಅಂಟಿಸಿದಳು — ಅಮ್ಮ ಹೋದ ಬಾಗಿಲು. ತಿರುಗಿ ನೋಡಿದಳು. ನಗಲಿಲ್ಲ. ಅಳಲೂ ಇಲ್ಲ.
ಒಂಬತ್ತು ವರ್ಷದ ಚೆಕಿಂಗ್ ನನ್ನದು. ಇಷ್ಟು ದಿನ ತಪ್ಪನ್ನು ಮಗುವಿನ ಮೈಮೇಲೆ ಹುಡುಕುತ್ತಿದ್ದೆ.

೧೩, ಸಂಜೆ
ಊಟದ ಬಿಡುವಿನಲ್ಲಿ ಮಕ್ಕಳ ಕೋಣೆಯ ಬೀಗದ ಮೇಲೆ ಒಂದು ಬಾಣ ಅಂಟಿಸಿ ಬಂದೆ. ಯಾರಿಗೂ ಹೇಳಲಿಲ್ಲ. ಶಿಫ್ಟ್ ಮುಗಿಯುವಾಗ ಬಾಗಿಲಿಗೆ ಬಾಗಿಲೇ ಕೆಂಪು.
ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿದ. "ಮೊದಲ್ನೇ ಬಾಣ ಯಾರ್ದು?"
ಇಸ್ತ್ರಿ ಟೇಬಲ್ಲಿನ ಅಕ್ಕ ಬಾಯಿ ತೆಗೆದಳು: "ಷರ್ಟಲ್ಲಾದ್ರೆ ತಪ್ಪೇನು ಅಂತ ಕೇಳ್ತೀರಿ. ಬಾಗಿಲಲ್ಲಾದ್ರೆ ಬಾಣ ಯಾರ್ದು ಅಂತೀರಲ್ಲ ಸಾರ್!" ಅವಳ ಹೆಬ್ಬೆರಳಿಗೆ ಒಂದು ಅಂಟಿಕೊಂಡೇ ಇತ್ತು.
"ನಂದು," ಎಂದೆ.
ಮೆಮೋ ಕೊಟ್ಟರು. ನಾಳೆಯೊಳಗೆ ಉತ್ತರ ಕೊಡಬೇಕು.

೧೪, ರಾತ್ರಿ ೯-೩೦
ಉತ್ತರ ಬರೆದಿಲ್ಲ. ಹೆಂಡತಿಯೂ ಸೇರಿ ನೈಟ್ ಶಿಫ್ಟಿನ ಆರು ಹೆಂಗಸರು ಇವತ್ತು ಮಕ್ಕಳನ್ನು ಎತ್ತಿಕೊಂಡೇ ಹೋಗುತ್ತಿದ್ದಾರೆ. ಆ ಬಾಗಿಲ ಮುಂದೆ ಚಾಪೆ ಹಾಕುತ್ತಾರೆ. ಬೀಗ ತೆಗೆಯುವವರೆಗೆ ಮೆಷಿನ್ ಓಡುವುದಿಲ್ಲ. ನಾನೂ ಹೊರಟಿದ್ದೇನೆ.
"ಕೆಲಸ ಹೋದ್ರೆ?" ಕೇಳಿದೆ.
"ಇಬ್ಬರದೂ ಹೋಗ್ಲಿ ಬಿಡಿ. ನನ್ನೊಬ್ಬಳದೇ ಯಾಕೆ?" ಹೆಂಡತಿ ಚಾಪೆ ಸುತ್ತುತ್ತಲೇ ಹೇಳಿದಳು.
ಗಲಾಟೆಗೆ ಮೆಣಸಿಗೆ ಎಚ್ಚರವಾಯಿತು. ತುಟಿ ಆಗಲೇ ಸೊಟ್ಟ. ಹಾಳೆಯಲ್ಲಿ ಒಂದೇ ಬಾಣ ಉಳಿದಿದೆ. ನಾನು ಜೇಬಿಗೆ ಕೈ ಹಾಕುವ ಮೊದಲೇ ಗದ್ದ ಎತ್ತಿ ನಿಂತಿದ್ದಾಳೆ.
"ಕಾಲರ್," ಅನ್ನುತ್ತಾಳೆ.
ಪಾಸ್. ತೋಳು ಪಾಸ್. ಗುಂಡಿ —